ಸಾದಾ ಇರುವುದೇ ಆ ಚಾಪೆಲ್‌ಗಳ ಅಂದ: ಕೊಡಗಿನ ಸಭಾಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಿಗೆ, ಸಭಾಸಮಿತಿಯ ಹಿರಿಯರಿಗೆ, ಹಾಗೂ ಚಂದಾ ಕೊಟ್ಟು ಈ ಚಾಪೆಲ್‌ಗಳನ್ನು (ಆರಾಧನೆಯ ಪುಟ್ಟ ಮನೆಗಳನ್ನು) ಇಷ್ಟು ಕಾಲ ನಿಲ್ಲಿಸಿಕೊಂಡು ಬಂದ ಎಲ್ಲ ಸಭೆಯವರಿಗೆ,

ವಂದನೆಗಳು.

ಕೊಡಗಿನಲ್ಲಿ ಮಳೆ ಬಿಟ್ಟ ಕೂಡಲೇ ರಿಪೇರಿ ಮಾತು ಶುರುವಾಗುತ್ತದೆ. ಹಳೆ ಮನೆಗಳನ್ನು ರಿಪೇರಿ ಮಾಡಿಸುವುದು ನನ್ನ ಕಸುಬು. ಹಾಗಾಗಿ ಎಸ್ಟಿಮೇಟ್ ಕೇಳಿಕೊಂಡು ಬರುವವರಲ್ಲಿ ಸಭಾಸಮಿತಿಯವರೂ ಇರುತ್ತಾರೆ. ಅವರು ತರುವ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ. ಹೆಂಚು ಇಳಿಸಿ ಕಲರ್ ಶೀಟ್ ಹಾಕಬೇಕು. ಸುಣ್ಣದ ಗಾರೆ ಕೆರೆದು ಸಿಮೆಂಟ್ ಬಳಿಯಬೇಕು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಮೇಲೆ ಜಿಪ್ಸಂ ಸೀಲಿಂಗ್. ಮರದ ಕಿಟಕಿ ತೆಗೆದು ಅಲ್ಯೂಮಿನಿಯಂ ಸ್ಲೈಡಿಂಗ್. ಪ್ರಸಂಗ ಪೀಠದ (ಸಭಾಪಾಲಕರು ನಿಂತು ಉಪದೇಶ ಮಾಡುವ ಜಾಗದ) ಹಿಂದಿನ ಗೋಡೆಗೆ ಪಿಒಪಿ ಕಮಾನು, ಅದರೊಳಗೆ ಎಲ್‌ಇಡಿ ಪಟ್ಟಿ.

ಯಾಕೆ ಅಂತ ಕೇಳಿದರೆ ಬರುವ ಉತ್ತರವೂ ಒಂದೇ. "ಇದರಲ್ಲೇನಿದೆ ಹೇಳಿ? ಗೋಪುರ ಇಲ್ಲ, ಬಣ್ಣದ ಗಾಜಿಲ್ಲ, ಸುಮ್ನೆ ಒಂದು ಸಾದಾ ಹಾಲ್. ಸ್ವಲ್ಪ ಚೆಂದ ಮಾಡೋಣ."

ಈ ಮಾತನ್ನು ಬೇರೆ ಬೇರೆ ಊರಿನವರ ಬಾಯಲ್ಲಿ ಕೇಳಿದ ಮೇಲೆ ಒಂದು ಸಮಿತಿಗೆ ಉತ್ತರ ಕೊಟ್ಟರೆ ಸಾಲದು ಅನ್ನಿಸಿತು. ಅದಕ್ಕೇ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಾನೂ ಇದೇ ಸಭೆಯವನು. ದೀಕ್ಷಾಸ್ನಾನ ಆಗಿದ್ದು, ಮದುವೆ ಆಗಿದ್ದು, ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದು ಇಂಥ ಸಾದಾ ಹಾಲ್‌ನಲ್ಲೇ. ಯಾವ ಸಮಿತಿಯ ಹೆಸರನ್ನೂ ನಾನು ಇಲ್ಲಿ ಹೇಳುವುದಿಲ್ಲ. ಯಾರಲ್ಲೂ ಕೆಟ್ಟ ಉದ್ದೇಶ ಇಲ್ಲ ಅಂತ ನನಗೆ ಚೆನ್ನಾಗಿ ಗೊತ್ತು.

ನಾನು ಹೇಳಬೇಕಾಗಿರುವುದು ಇಷ್ಟು. ಮೆಥೋಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಥದ ಬೇರಿನ ಚಾಪೆಲ್ ಸಾದಾ ಇರುವುದು ಕಟ್ಟಿದವರ ಹತ್ತಿರ ಹಣ ಇರಲಿಲ್ಲ ಅಂತ ಮಾತ್ರ ಅಲ್ಲ. ಅದು ಹಾಗೇ ಇರಬೇಕು ಅಂತ ಯೋಚಿಸಿ ಕಟ್ಟಿದ್ದು. ಆ ಸಾದಾತನವೇ ಅದರ ವಾಸ್ತುಶಿಲ್ಪ. ಅದನ್ನು ಮುಚ್ಚಿದರೆ ಕಟ್ಟಡ ಉಳಿಯಬಹುದು, ಚಾಪೆಲ್ ಉಳಿಯುವುದಿಲ್ಲ.

ಇದು ಎಲ್ಲಿಂದ ಶುರುವಾಯಿತು ಅಂತ ಸ್ವಲ್ಪ ನೋಡೋಣ. 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಲ್ಲಿ, ಆ ಪಂಥಕ್ಕೆ ಬುನಾದಿ ಹಾಕಿದ ಜಾನ್ ವೆಸ್ಲಿ ಬಯಲಲ್ಲಿ ನಿಂತು ಪ್ರಸಂಗ ಮಾಡಲು ಶುರುಮಾಡಿದರು. ಕೇಳಲು ಬಂದವರಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳೇ ಜಾಸ್ತಿ. ಅದೇ ವರ್ಷ ಅಲ್ಲಿ ಒಂದು ಮನೆ ಕಟ್ಟಿದರು. ಅದಕ್ಕೆ 'ನ್ಯೂ ರೂಮ್' ಅಂತ ಹೆಸರು. 1748ರಲ್ಲಿ ದೊಡ್ಡದು ಮಾಡಿದರು. ಜಗತ್ತಿನ ಮೊದಲ ಮೆಥೋಡಿಸ್ಟ್ ಕಟ್ಟಡ ಅದೇ, ಈಗಲೂ ನಿಂತಿದೆ. ಅದರ ಮಾಡಿನಲ್ಲಿ (ಛಾವಣಿಯಲ್ಲಿ) ಎಂಟು ಮೂಲೆಯ ಒಂದು ಬೆಳಕಿಂಡಿ ಇದೆ. ಬೆಳಕು ಮೇಲಿನಿಂದ ನಡುಮನೆಗೆ ಇಳಿಯುತ್ತದೆ. ಮಹಡಿಯ ಮೇಲೆ ಊರೂರು ತಿರುಗುವ ಪ್ರಚಾರಕರು ಉಳಿಯಲು ಕೋಣೆಗಳು. ಕೆಳಗಿನ ಹಾಲ್‌ನಲ್ಲಿ ಭಾನುವಾರ ಮಾತ್ರ ಆರಾಧನೆ ಅಂತ ಇರಲಿಲ್ಲ. ಬಡ ಮಕ್ಕಳಿಗೆ ಪಾಠ, ಬಡವರಿಗೆ ಔಷಧಿ, ಎಲ್ಲವೂ ಅಲ್ಲೇ.

ಲಂಡನ್‌ನಲ್ಲಿ ಅವರು ಮೊದಲು ಸೇರಿಕೊಂಡಿದ್ದು ಫಿರಂಗಿ ಎರಕ ಹೊಯ್ಯುತ್ತಿದ್ದ ಒಂದು ಪಾಳು ಕಾರ್ಖಾನೆಗೆ. ಅದನ್ನೇ ರಿಪೇರಿ ಮಾಡಿ ಸುಮಾರು ನಲವತ್ತು ವರ್ಷ ಬಳಸಿದರು. ಆಮೇಲೆ 1778ರಲ್ಲಿ ಸಿಟಿ ರೋಡ್‌ನಲ್ಲಿ ಚಾಪೆಲ್ ಕಟ್ಟಿದರು. ಅಲ್ಲಿ ಮಹಡಿಯ ಗ್ಯಾಲರಿಯನ್ನು ಹೊತ್ತಿದ್ದು ಹಡಗಿನ ಪಟಕಂಬಗಳು. ಅವನ್ನು ಕೊಟ್ಟಿದ್ದು ರಾಜ ಮೂರನೇ ಜಾರ್ಜ್ ಅಂತ ಹೇಳುತ್ತಾರೆ. ನೂರು ವರ್ಷ ದಾಟಿದ ಮೇಲೆ ಅವುಗಳ ಜಾಗಕ್ಕೆ ಹೊಳೆಯುವ ಕಲ್ಲಿನ ಕಂಬ ಬಂದವು. ಆದರೆ ಹಳೆ ಕಂಬದ ಮರವನ್ನು ಅವರು ಗುಜರಿಗೆ ಹಾಕಲಿಲ್ಲ, ಒಳಗೆ ಬರುವ ಜಾಗದಲ್ಲಿ ಉಳಿಸಿಕೊಂಡರು.

ಚಾಪೆಲ್ ಹೇಗಿರಬೇಕು ಅಂತ ವೆಸ್ಲಿಯವರ ಕಾಲದಲ್ಲೇ ಬರೆದಿಟ್ಟ ನಿಯಮಗಳಿವೆ. ನಮ್ಮ ಕಸುಬಿನವರು ಓದಿದರೆ ಖುಷಿಪಡುವಷ್ಟು ವಿವರ ಅದರಲ್ಲಿದೆ. ಜಾಗ ಒಪ್ಪಿದರೆ ಎಂಟು ಮೂಲೆಯ ಕಟ್ಟಡ ಕಟ್ಟಿ. ಪ್ರಸಂಗ ಪೀಠ ಪೀಪಾಯಿ ಥರ ಬೇಡ, ಚೌಕವಾಗಿ ಮುಂದೆ ಚಾಚಿರಲಿ, ಹಿಂದೆ ಒಂದು ಉದ್ದ ಬೆಂಚು ಇರಲಿ. ಕಿಟಕಿಗಳು ಮೇಲಿನಿಂದ ಕೆಳಕ್ಕೆ ಜಾರಿ ತೆರೆಯುವಂತಿರಲಿ. ದುಡ್ಡಿದ್ದವರ ಮನೆತನಕ್ಕೆ ಅಂತ ಬಾಗಿಲು ಹಾಕಿದ ಬೇರೆ ಬೇರೆ ಆಸನ ಬೇಡ, ಎಲ್ಲರಿಗೂ ಒಂದೇ ಥರದ ಬೆಂಚು.

ಎಂಟು ಮೂಲೆ ಯಾಕೆ? ದನಿಗೆ ಅದೇ ಒಳ್ಳೆಯದು ಅಂತ ವೆಸ್ಲಿ ನಂಬಿದ್ದರು. ಉದ್ದನೆ ಹಾಲ್‌ನಲ್ಲಿ ಕೊನೆಯ ಸಾಲಿನವರು ಪ್ರಸಂಗ ಮಾಡುವವರಿಂದ ತುಂಬಾ ದೂರ ಆಗುತ್ತಾರೆ. ಎಂಟು ಮೂಲೆಯಲ್ಲಿ ಎಲ್ಲರೂ ಹತ್ತಿರ. ಆಗ ಮೈಕ್ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಯಾರ್ಕ್‌ಶೈರಿನ ಹೆಪ್ಟನ್‌ಸ್ಟಾಲ್ ಎಂಬ ಗುಡ್ಡದ ಊರಲ್ಲಿ 1764ರಲ್ಲಿ ಇಂಥದೊಂದು ಚಾಪೆಲ್ ಕಟ್ಟಿದರು. ಆ ಕಟ್ಟಡ ಇಂದಿಗೂ ನಿಂತಿದೆ. ಜನ ಜಾಸ್ತಿಯಾದಾಗ ಅವರು ಅದನ್ನು ಕೆಡವಲಿಲ್ಲ. ಎಂಟು ಮೂಲೆಯನ್ನೇ ಒಂದು ಕಡೆ ಹಿಗ್ಗಿಸಿಕೊಂಡರು. ಈಗ ನೋಡಿದರೆ ಎರಡು ಪಕ್ಕ ಉದ್ದ, ಉಳಿದವು ಗಿಡ್ಡ.

ಎಂಟು ಮೂಲೆಯ ಚಾಪೆಲ್‌ಗಳು ಜಾಸ್ತಿ ಕಾಲ ನಡೆಯಲಿಲ್ಲ. ಅದರ ಮಾಡು ಕಟ್ಟುವುದು ಕಷ್ಟ, ದೊಡ್ಡದು ಮಾಡುವುದು ಇನ್ನೂ ಕಷ್ಟ. ಆಚಾರಿ ಕೆಲಸ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೌಕ ಹಾಲ್‌ಗಳೇ ಉಳಿದವು. ಆದರೆ ಹಿಂದಿನ ಯೋಚನೆ ಬದಲಾಗಲಿಲ್ಲ. ಪ್ರಸಂಗ ಪೀಠ ನಡುವೆ. ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯ) ಮೇಜು ಜನರಿಗೆ ಹತ್ತಿರ. ಕಿಟಕಿ ದೊಡ್ಡದು, ಗಾಜು ಬಿಳಿಯದು. ಕೈಯಲ್ಲಿರುವ ಗೀತೆಯ ಪುಸ್ತಕ ಓದಲು ಬೆಳಕು ಬೇಕಲ್ವಾ? ವೆಸ್ಲಿಯವರ ತಮ್ಮ ಚಾರ್ಲ್ಸ್ 6,000ಕ್ಕೂ ಜಾಸ್ತಿ ಗೀತೆ ಬರೆದವರು. ಆ ಸಭೆ ಹಾಡುವ ಸಭೆ. ಕಟ್ಟಡವನ್ನೂ ಹಾಡುವವರಿಗಾಗಿ, ಕೇಳುವವರಿಗಾಗಿ ಕಟ್ಟಿದರು.

ಹಣದ ಬಗ್ಗೆಯೂ ಆ ನಿಯಮಗಳಲ್ಲಿ ಒಂದು ಮಾತಿದೆ. ಅದನ್ನು ಪ್ರತಿ ಸಭಾಸಮಿತಿಯ ಮೀಟಿಂಗ್‌ನಲ್ಲಿ ಓದಿ ಹೇಳಬೇಕು ಅನ್ನುವುದು ನನ್ನ ಆಸೆ. ಸಾರಾಂಶ ಹೀಗಿದೆ. ಚಾಪೆಲ್ ಸಾದಾ ಇರಲಿ, ಮರ್ಯಾದಸ್ತವಾಗಿರಲಿ, ತಪ್ಪಿಸಲಾಗದ ಖರ್ಚಿಗಿಂತ ಜಾಸ್ತಿ ಮಾಡಬೇಡಿ. ಜಾಸ್ತಿ ಮಾಡಿದರೆ ಹಣವಂತರು ಬೇಕಾಗುತ್ತಾರೆ. ಬೇಕಾದರೆ ಅವರ ಹಂಗಿಗೆ ಬೀಳುತ್ತೀರಿ, ಆಮೇಲೆ ಅವರು ಹೇಳಿದ ಹಾಗೆ ಕೇಳಬೇಕಾಗುತ್ತದೆ.

ಇದನ್ನು ಓದಿದ ದಿನ ನನಗೆ ನಮ್ಮ ಕಡೆಯ ಚಾಪೆಲ್‌ಗಳ ಗೋಡೆ ಬೇರೆ ಥರ ಕಾಣಿಸಿತು. ಅಲಂಕಾರ ಇಲ್ಲದ ಆ ಗೋಡೆ, ದಿನಗೂಲಿ ಮಾಡುವವನಿಗೂ ದೊರೆಗಳ ಮುಂದೆ ಕೈಚಾಚದೆ ಕಟ್ಟಲು ಆಗುವಂಥ ಗೋಡೆ.

ಮೆಥೋಡಿಸ್ಟರೆಲ್ಲ ಯಾವಾಗಲೂ ಸಾದಾ ಕಟ್ಟಿದರು ಅಂತ ನಾನು ಹೇಳುತ್ತಿಲ್ಲ. 1850ರಲ್ಲಿ ಜಾಬ್ಸನ್ ಎಂಬ ವೆಸ್ಲಿಯನ್ (ವೆಸ್ಲಿಯವರ ಹಾದಿಯ ಮೆಥೋಡಿಸ್ಟ್) ಪ್ರಚಾರಕರು ಗಾಥಿಕ್ ಶೈಲಿಯೇ ಚಾಪೆಲ್‌ಗೆ ಸರಿ ಅಂತ ಜೋರಾಗಿ ವಾದಿಸಿದರು. ಅಲ್ಲಿಂದ ಮುಂದೆ ಚೂಪು ಕಮಾನು, ಗೋಪುರ ಎಲ್ಲ ಬಂದವು. ಬೆಂಗಳೂರಿಗೆ ಹೋದರೆ ಎರಡೂ ಕಾಣುತ್ತವೆ. ವೆಸ್ಲಿಯನ್ ಮಿಷನ್ 1821ರಲ್ಲೇ ಅಲ್ಲಿಗೆ ಬಂದಿತ್ತು. 1860ರ ದಶಕದಲ್ಲಿ ಕಟ್ಟಿದ ಈಸ್ಟ್ ಪೆರೇಡ್ ಚರ್ಚಿನ ಮುಂದೆ ಕಂಬಗಳ ಸಾಲು, ಮೇಲೆ ತ್ರಿಕೋನ, ಹಳೆ ಗ್ರೀಕ್ ದೇವಾಲಯದ ಮುಖ. ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚ್ ಕನ್ನಡ ಸಭೆಯದು. ಅದು 1904ರದು, ಗಾಥಿಕ್ ಶೈಲಿಯದು, ಕಲ್ಲಿನದು. ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಾಯ ಹಡ್ಸನ್ ಎಂಬ ವೆಸ್ಲಿಯನ್ ಮಿಷನರಿಯ ನೆನಪಿಗೆ ಕಟ್ಟಿದ್ದು. ಎರಡೂ ಚೆನ್ನಾಗಿವೆ. ಆದರೆ ಅವು ಪೇಟೆಯ ದೊಡ್ಡ ಸಭೆಗಳ ಕಟ್ಟಡಗಳು. ತೋಟದ ನಡುವಿನ ಪುಟ್ಟ ಚಾಪೆಲ್‌ಗೆ ಅವುಗಳ ನಕಲು ಅಂಟಿಸಿದರೆ ಎರಡಕ್ಕೂ ಅವಮಾನ.

ಕೊಡಗಿನಲ್ಲಿ ಹಳೆ ಚರ್ಚ್ ಅಂದರೆ ಜನ ಎರಡು ಹೆಸರು ಹೇಳುತ್ತಾರೆ. ಒಂದು ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೊಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟ ಕಾಲದ್ದು, 1792ರಿಂದ ಅದರ ಚರಿತ್ರೆ ಶುರು. ಇನ್ನೊಂದು ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್. ಬ್ರಿಟಿಷರು 1850ರ ದಶಕದಲ್ಲಿ ಅಲ್ಲಿದ್ದ ವೀರಭದ್ರ ಗುಡಿಯನ್ನು ಕೆಡವಿ ಆ ಜಾಗದಲ್ಲಿ ಕಟ್ಟಿದ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಸಭೆಯ) ಚರ್ಚ್ ಅದು. ಈಗ ರಾಜ್ಯ ಪುರಾತತ್ವ ಇಲಾಖೆಯ ಮ್ಯೂಸಿಯಂ. ಚೂಪು ಕಮಾನು, ಬಣ್ಣದ ಗಾಜು ಎಲ್ಲ ಇವೆ. ಪ್ರವಾಸಿಗರು ಫೋಟೋ ತೆಗೆಯುತ್ತಾರೆ.

ಸೇಂಟ್ ಮಾರ್ಕ್ಸ್ ಅನ್ನು ಕಾಪಾಡಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಆಳುವವರ ಚರ್ಚ್, ಸರಕಾರದ ಬಲದಿಂದ ಎದ್ದಿದ್ದು. ಆಳಿಸಿಕೊಂಡವರು, ತೋಟದಲ್ಲಿ ಗೆಯ್ದವರು, ಮಿಷನ್ ಶಾಲೆಯಲ್ಲಿ ಅಕ್ಷರ ಕಲಿತವರು ಕೂತ ಚಾಪೆಲ್ ಯಾವುದು? ಅದು ನಿಮ್ಮ ಸಮಿತಿಯ ಕೈಯಲ್ಲಿರುವ ಸಾದಾ ಹಾಲ್. ಕೋಟೆಯ ಚರ್ಚನ್ನು ನೋಡಿಕೊಳ್ಳಲು ಇಲಾಖೆ ಇದೆ. ನಮ್ಮದಕ್ಕೆ ನೀವು ಮಾತ್ರ. ಬೇರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ದಾಗಿರಲಿ, ವೆಸ್ಲಿಯನ್ ಆಗಿರಲಿ, ಆಂಗ್ಲಿಕನ್ ಆಗಿರಲಿ, 1947ರ ಸೆಪ್ಟೆಂಬರ್ 27ರಂದು ಶುರುವಾದ ದಕ್ಷಿಣ ಇಂಡಿಯಾ ಸಭೆಯಲ್ಲಿ (ಸಿಎಸ್‌ಐ) ಈಗ ನಾವೆಲ್ಲ ಒಂದೇ ಮನೆಯವರು. ಆ ಮನೆಗೆ ಮೆಥೋಡಿಸ್ಟರು ತಂದ ಬಳುವಳಿಯಲ್ಲಿ ಈ ಸಾದಾತನವೂ ಒಂದು.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಟ್ಟಡಗಳು ಹಾಳಾಗುತ್ತಿರುವುದು ಇಲ್ಲೇ.

ಹಳೆ ಗೋಡೆ ಸುಣ್ಣದ ಗೋಡೆ. ನಮ್ಮ ದೇಶದಲ್ಲಿ ಸಿಮೆಂಟ್ ಕಾರ್ಖಾನೆ ಗಟ್ಟಿಯಾಗಿ ಕಾಲೂರಿದ್ದು 1914ರಲ್ಲಿ ಪೋರಬಂದರಿನಲ್ಲಿ. ಅದಕ್ಕೂ ಮೊದಲಿನ ಕಟ್ಟಡ ಅಂದರೆ ಒಳಗಿರುವುದು ಕಲ್ಲು, ಇಟ್ಟಿಗೆ ಅಥವಾ ಮಣ್ಣು, ಅದನ್ನು ಹಿಡಿದಿರುವುದು ಸುಣ್ಣ ಇಲ್ಲವೇ ಮಣ್ಣಿನ ಗಾರೆ. ಸುಣ್ಣದ ಗಾರೆ ನೀರು ಹೀರಿಕೊಳ್ಳುತ್ತದೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಮಳೆ ಜೋರಾಗಿ ಸುರಿಯುವ ಕಕ್ಕಡ ತಿಂಗಳಲ್ಲಿ ಗೋಡೆ ತೇವ ಆಗದೆ ಇರುವುದು ಸಾಧ್ಯವೇ ಇಲ್ಲ. ತೇವ ಆಗುವುದು ತೊಂದರೆಯಲ್ಲ. ಆದ ತೇವ ಹೊರಗೆ ಹೋಗಲು ದಾರಿ ಇರಬೇಕು, ಅಷ್ಟೇ.

ಸಿಮೆಂಟ್ ಗಿಲಾವು ಆ ದಾರಿಯನ್ನು ಮುಚ್ಚುತ್ತದೆ. ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಮಳೆಯಲ್ಲಿ ತೋಟದ ಕೆಲಸ ಮಾಡಿದವರಿಗೆ ಇದು ಗೊತ್ತು. ಹೊರಗಿನ ಮಳೆ ಒಳಗೆ ಬರುವುದಿಲ್ಲ, ಆದರೆ ಮೈಯ ಬೆವರೇ ಬಟ್ಟೆಯನ್ನು ನೆನೆಸುತ್ತದೆ. ಗೋಡೆಯದ್ದೂ ಅದೇ ಕಥೆ. ಸಿಮೆಂಟಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟೇ ಬಿಡುತ್ತದೆ, ಅಲ್ಲಿಂದ ನೀರು ಒಳಗೆ ಹೋಗುತ್ತದೆ. ನೆಲದಿಂದಲೂ ಮೇಲೆ ಏರುತ್ತದೆ. ಹೊರಗೆ ಬರಲು ಜಾಗ ಇಲ್ಲದೆ ಇನ್ನೂ ಮೇಲಕ್ಕೆ ಹೋಗುತ್ತದೆ. ಹೋಗಿ ಹೋಗಿ ತೊಲೆಯ ತುದಿ ಗೋಡೆಯಲ್ಲಿ ಕೂತಿರುವ ಜಾಗ ತಲುಪುತ್ತದೆ. ಆ ತುದಿ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಥಳಥಳ. ಒಂದು ಚಾಪೆಲ್‌ನಲ್ಲಿ ಸಿಮೆಂಟ್ ಬಳಿದು ಕೆಲವೇ ಮಳೆಗಾಲ ಆಗಿತ್ತು. ಗಿಲಾವು ಹಪ್ಪಳ ಹಪ್ಪಳವಾಗಿ ಎದ್ದಿತ್ತು. ಕೆರೆದು ನೋಡಿದರೆ ಹಿಂದಿನ ಇಟ್ಟಿಗೆ ಬೆರಳಿಗೇ ಪುಡಿಯಾಗಿ ಬರುತ್ತಿತ್ತು. ಅಷ್ಟು ವರ್ಷ ಸುಣ್ಣದಡಿ ಗಟ್ಟಿಯಾಗಿದ್ದ ಇಟ್ಟಿಗೆ ಅದು.

ಹಾಗಾದರೆ ಸುಣ್ಣದ ಕೆಲಸ ಮಾಡುವವರು ಎಲ್ಲಿ ಅಂತ ಕೇಳುತ್ತೀರಿ. ಕಡಿಮೆಯಾಗಿದ್ದಾರೆ, ನಿಜ. ಇಲ್ಲವೇ ಇಲ್ಲ ಅಂತಲ್ಲ. ಸುಣ್ಣ ನೆನೆಹಾಕಿ ಕೊಳೆಸಬೇಕು, ಮರಳು ಸರಿಯಾಗಿ ಜರಡಿ ಹಿಡಿಯಬೇಕು, ಇಟ್ಟಿಗೆ ಪುಡಿ ಸೇರಿಸಬೇಕು, ಕೆಲವು ಕಡೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಾರೆ. ಒಂದು ಪದರ ಒಣಗುವವರೆಗೆ ಕಾಯಬೇಕು. ಕಾಯುವುದೇ ಇದರಲ್ಲಿ ದೊಡ್ಡ ಕೆಲಸ. ಕ್ರಿಸ್ಮಸ್‌ಗೆ ಮುಗಿಯಲೇಬೇಕು ಅಂತ ನವೆಂಬರ್‌ನಲ್ಲಿ ಶುರುಮಾಡಿದರೆ ಆಗುವುದಿಲ್ಲ. ಐನ್‌ಮನೆಗಳನ್ನು (ಕೊಡಗಿನ ಹಳೆ ಮೂಲಮನೆಗಳನ್ನು) ರಿಪೇರಿ ಮಾಡಿಸುವ ಕುಟುಂಬಗಳು ಈಗ ಮತ್ತೆ ಸುಣ್ಣಕ್ಕೆ ಬರುತ್ತಿವೆ. ಕೆಲಸದವರ ವಿಷಯ ಅವರ ಹತ್ತಿರ ಕೇಳಿ.

ಇನ್ನು ಮಾಡು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಆಮೇಲೆ ಆ ಹೆಂಚು ಘಟ್ಟ ಹತ್ತಿ ಕೊಡಗಿಗೂ ಬಂತು, ಹುಲ್ಲಿನ ಮಾಡು ಕಡಿಮೆಯಾಗುತ್ತಾ ಹೋಯಿತು. ನೂರು ಚದರ ಅಡಿಗೆ ಸುಮಾರು ನೂರೈವತ್ತು ಹೆಂಚು. ಒಂದರ ಅಂಚು ಇನ್ನೊಂದಕ್ಕೆ ಕೊಂಡಿಯ ಹಾಗೆ ಕೂರುತ್ತದೆ, ಆದರೂ ನಡುವೆ ಗಾಳಿ ಆಡುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಾಯಿಸಬಹುದು. ಶೀಟ್ ಹಾಕಿದರೆ ಆ ಅನುಕೂಲ ಹೋಯಿತು. ಜೊತೆಗೆ ಸದ್ದು. ಜುಲೈ ತಿಂಗಳಲ್ಲಿ ಶೀಟಿನ ಕೆಳಗೆ ಕೂತು ಪ್ರಸಂಗ ಕೇಳಿದ್ದೀರಾ? ಮಳೆ ಜೋರಾದರೆ ಸಭಾಪಾಲಕ ಅಯ್ಯನವರು ನಿಲ್ಲಿಸಿ ಕಾಯಬೇಕು. ಕೇಳುವುದಕ್ಕೆಂದೇ ಕಟ್ಟಿದ ಮನೆಯಲ್ಲಿ ಕೇಳದ ಹಾಗೆ ಮಾಡಿದ ಹಾಗಾಯಿತು.

ಆ ಸದ್ದು ತಡೆಯಲು ಸೀಲಿಂಗ್ ಬರುತ್ತದೆ. ಸೀಲಿಂಗ್ ಬಂದರೆ ಮೇಲಿನ ಮರದ ಕಟ್ಟು ಕಣ್ಣಿಗೆ ಕಾಣುವುದಿಲ್ಲ. ಎಲ್ಲಿ ಸೋರುತ್ತಿದೆ, ಎಲ್ಲಿ ಗೆದ್ದಲು ಏರಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಜಿಪ್ಸಂ ಹಲಗೆ ನೀರು ಕುಡಿದು ಊದಿ ಕೆಳಗೆ ಬೀಳುತ್ತದೆ. ತೆರೆದ ಮಾಡಿನಲ್ಲಿ ಒಂದು ಹನಿ ಬಿದ್ದರೂ ಆ ಭಾನುವಾರವೇ ಯಾರಾದರೂ ತಲೆ ಎತ್ತಿ ನೋಡುತ್ತಿದ್ದರು.

ಮರದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆ ಮಾಡಿನಲ್ಲಿ ತೇಗ, ಬೀಟೆ, ನಂದಿ ಇರುತ್ತದೆ. ಇವತ್ತು ಅಷ್ಟು ಉದ್ದದ, ಅಷ್ಟು ಬಲಿತ ಮರ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಅದಕ್ಕೇ ಕೆಲವು ಗುತ್ತಿಗೆದಾರರು ಬಂದು, "ಹಳೆ ಮರ ನಮಗೆ ಬಿಡಿ, ರೇಟ್ ಕಡಿಮೆ ಮಾಡಿಕೊಡುತ್ತೇವೆ" ಅನ್ನುತ್ತಾರೆ. ನಿಮಗೆ ಅದು ಉಳಿತಾಯದ ಹಾಗೆ ಕಾಣುತ್ತದೆ. ಐನ್‌ಮನೆಗಳ ಕಂಬ, ಬಾಗಿಲು ಹೀಗೇ ಎಷ್ಟೋ ಹೋಗಿವೆ. ಯಾವುದೋ ರೆಸಾರ್ಟಿನ ಲಾಬಿಯಲ್ಲಿ ಅಲಂಕಾರಕ್ಕೆ ನಿಂತಿವೆ. ದಯವಿಟ್ಟು ಮಾಡಿನ ಒಂದು ಮರದ ಪಕಾಸನ್ನೂ ಅಳತೆ ಮಾಡದೆ, ಪಟ್ಟಿ ಬರೆಯದೆ ಕೆಳಗೆ ಇಳಿಸಲು ಬಿಡಬೇಡಿ. ತುದಿ ಕೊಳೆತಿದ್ದರೆ ಆ ತುದಿಯನ್ನು ಮಾತ್ರ ಕತ್ತರಿಸಿ ಹೊಸ ಮರ ಕೂಡಿಸಬಹುದು. ಒಳ್ಳೆ ಆಚಾರಿಗೆ ಇದು ಗೊತ್ತಿರುವ ಕೆಲಸ.

ಕಿಟಕಿ ವಿಷಯದಲ್ಲಿ ವೆಸ್ಲಿಯವರ ನಿಯಮ ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ. ಮೇಲಿನಿಂದ ತೆರೆದರೆ ಬಿಸಿಗಾಳಿ, ಉಸಿರಿನ ತೇವ ಹೊರಗೆ ಹೋಗುತ್ತದೆ, ಕೂತವರ ತಲೆಗೆ ಗಾಳಿ ಹೊಡೆಯುವುದಿಲ್ಲ. ನಮ್ಮಲ್ಲಿ ಜಾರುವ ಕಿಟಕಿ ಅಪರೂಪ. ಅದರ ಬದಲು ಕಿಟಕಿಯ ಮೇಲ್ಭಾಗದಲ್ಲಿ ಬೇರೆಯಾಗಿ ತೆರೆಯುವ ಪಡಿ ಇರುತ್ತದೆ. ಅದು ತುಕ್ಕು ಹಿಡಿದು ಕೂತಿರುತ್ತದೆ, ಅಷ್ಟೇ. ಎಣ್ಣೆ ಬಿಟ್ಟು, ಕೊಂಡಿ ಬದಲಾಯಿಸಿ, ಮಳೆಗಾಲದಲ್ಲೂ ತೆರೆದಿಡಿ. ಮುಗ್ಗಲು ವಾಸನೆ ಅರ್ಧ ಕಡಿಮೆಯಾಗುತ್ತದೆ. ಪೂರ್ತಿ ಮುಚ್ಚುವ ಗಾಜಿನ ಸ್ಲೈಡಿಂಗ್ ಹಾಕಿ ಆಮೇಲೆ ಫ್ಯಾನ್ ಜಾಸ್ತಿ ಮಾಡುವುದು ಯಾವ ಲೆಕ್ಕದಲ್ಲೂ ಸರಿ ಬರುವುದಿಲ್ಲ.

ದನಿಯ ಮಾತು ಇನ್ನೊಂದಿದೆ. ಮರ, ಸುಣ್ಣ, ಜನ ಕೂತ ಬೆಂಚು, ಇವು ದನಿಯನ್ನು ಒಂದಷ್ಟು ಹೀರುತ್ತವೆ. ನುಣುಪು ಟೈಲ್ಸ್, ಗಾಜು, ಪುಟ್ಟಿ ಹೊಡೆದು ಪೇಂಟ್ ಬಳಿದ ಸಿಮೆಂಟ್ ಗೋಡೆ ಎಲ್ಲವನ್ನೂ ವಾಪಸ್ ಎಸೆಯುತ್ತವೆ. ಮಾತು ಮಾತಿಗೆ ತಾಕಿ ಗಜಿಬಿಜಿಯಾಗುತ್ತದೆ. ಆಗ ಮೈಕ್ ಬೇಕು, ಮೈಕ್ ಸದ್ದೂ ಗುಂಯ್ ಅನ್ನುತ್ತದೆ, ಆಗ ಇನ್ನೂ ದೊಡ್ಡ ಸ್ಪೀಕರ್ ಬೇಕು. ನನ್ನ ಅಮ್ಮ ಹಾಡುತ್ತಿದ್ದ ಕಾಲದಲ್ಲಿ ಹಿಂದಿನ ಬೆಂಚಿನ ಎರಡನೇ ದನಿ ಕೂಡ ಬೇರೆಯಾಗಿ ಕೇಳುತ್ತಿತ್ತು. ಟೈಲ್ಸ್ ಹಾಕಿದ ಮೇಲೆ ಆ ಹಾಲ್‌ನಲ್ಲಿ ಕೀಬೋರ್ಡ್ ಬಿಟ್ಟು ಬೇರೇನೂ ಕೇಳುವುದಿಲ್ಲ. ನನಗೆ ತುಂಬಾ ನೋವಾಗುವುದು ಇದೇ. ಗೋಡೆ ಮತ್ತೆ ಕಟ್ಟಬಹುದು. ನಾಲ್ಕು ದನಿಯಲ್ಲಿ ಹಾಡುವ ಅಭ್ಯಾಸ ಒಂದು ತಲೆಮಾರು ತಪ್ಪಿದರೆ ಕಲಿಸುವವರು ಯಾರು?

ನಿಮ್ಮ ಕಷ್ಟಗಳೂ ನನಗೆ ಗೊತ್ತು. ಮಾಡು ಸೋರುತ್ತದೆ. ಕಾಫಿ ಬೆಲೆ ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುವುದಿಲ್ಲ, ಕಾಣಿಕೆಯೂ ಹಾಗೇ. ಹೆಂಚು ಕೆಲಸಕ್ಕೆ ಹತ್ತುವವರು ಸಿಗುವುದಿಲ್ಲ, ಮಂಗಗಳು ಹೆಂಚು ಸರಿಸಿ ಹಾಕುತ್ತವೆ. ಹಿರಿಯರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಶೌಚಾಲಯ ಇಲ್ಲ. ಯುವಕರು, "ಪಕ್ಕದ ಊರಿನ ಚರ್ಚ್ ನೋಡಿ ಎಷ್ಟು ಚೆನ್ನಾಗಿದೆ" ಅನ್ನುತ್ತಾರೆ. ಇದ್ಯಾವುದೂ ಸುಳ್ಳಲ್ಲ. ರ‍್ಯಾಂಪ್ ಹಾಕಿ, ಶೌಚಾಲಯ ಕಟ್ಟಿ, ಹೊಸ ವೈರಿಂಗ್ ಮಾಡಿಸಿ. ವೈರಿಂಗ್ ಅಂತೂ ಮೊದಲು ಮಾಡಿಸಿ, ಮರದ ಮಾಡಿಗೆ ಹಳೆ ವೈರ್‌ಗಿಂತ ದೊಡ್ಡ ಅಪಾಯ ಇಲ್ಲ. ಚಾಪೆಲ್ ಅಂದರೆ ಮುಟ್ಟಬಾರದ ವಸ್ತು ಅಂತ ನಾನು ಹೇಳುತ್ತಿಲ್ಲ. ಬ್ರಿಸ್ಟಲ್‌ನವರೂ ದೊಡ್ಡದು ಮಾಡಿಕೊಂಡರು, ಹೆಪ್ಟನ್‌ಸ್ಟಾಲ್‌ನವರೂ ಹಿಗ್ಗಿಸಿಕೊಂಡರು.

2018ರ ಆಗಸ್ಟ್‌ನ ಭೂಕುಸಿತ ಆದ ಮೇಲೆ ಹಳೆ ಗೋಡೆ ಕಂಡರೆ ಜನರಿಗೆ ಭಯ. ಆ ಭಯ ಸಹಜ. ಮನೆಗಳು ಗುಡ್ಡದ ಜೊತೆ ಜಾರಿ ಹೋಗಿದ್ದನ್ನು ನಾವೇ ನೋಡಿದ್ದೇವೆ. ಆದರೆ ಜಾರಿದ್ದು ಗುಡ್ಡ. ಇಳಿಜಾರು ಕಡಿದು ಸಮ ಮಾಡಿದ್ದು, ಮಳೆನೀರು ಹರಿಯುವ ದಾರಿ ಮುಚ್ಚಿದ್ದು, ಇಂಥ ಕಾರಣಗಳೇ ಅಲ್ಲಿ ದೊಡ್ಡವು. ಕಾಂಕ್ರೀಟ್ ಮನೆಗಳೂ ಹೋದವು. ಈಗ ಚಾಪೆಲ್ ಹಿಂದಿನ ದಿಬ್ಬವನ್ನು ಜೆಸಿಬಿಯಲ್ಲಿ ಕಡಿದು ಪಾರ್ಕಿಂಗ್ ಮಾಡೋಣ ಅನ್ನುವವರಿದ್ದಾರೆ. ಅದು ಬೇಡವೇ ಬೇಡ. ನಿಮ್ಮ ಹತ್ತಿರ ಸ್ವಲ್ಪವೇ ಹಣ ಇದ್ದರೆ ಚಾಪೆಲ್ ಸುತ್ತಲಿನ ಚರಂಡಿಗೆ ಹಾಕಿ. ಸೂರಿನ ನೀರು ಪಾಯದಿಂದ ದೂರ ಹೋಗುವಂತೆ ಮಾಡಿ. ಯಾರೂ ಫೋಟೋ ತೆಗೆಯದ ಕೆಲಸ ಅದು. ಆದರೆ ಕಟ್ಟಡವನ್ನು ನಿಲ್ಲಿಸುವುದು ಅದೇ.

ದಾನಿಗಳ ಹೆಸರಿನ ಗ್ರಾನೈಟ್ ಕಲ್ಲುಗಳ ಬಗ್ಗೆಯೂ ಯೋಚಿಸಿ. ಕೊಟ್ಟವರ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಕಿಟಕಿಗೆ ಒಂದು ಹೆಸರು, ಒಂದು ಫ್ಯಾನಿಗೆ ಒಂದು ಹೆಸರು ಬರೆಸುತ್ತಾ ಹೋದರೆ, ಮುಷ್ಟಿ ಅಕ್ಕಿ ತಂದುಕೊಟ್ಟ ಅಜ್ಜಿಯರ ಹೆಸರು ಬರೆಯಲು ಗೋಡೆಯಲ್ಲಿ ಜಾಗ ಎಲ್ಲಿದೆ? ಬೆಳೆ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ ಹರಾಜು ಹಾಕಿ ಹೆಂಚು ತಂದವರ ಹೆಸರನ್ನು ಎಲ್ಲಿ ಬರೆಯುತ್ತೀರಿ? ವೆಸ್ಲಿಯವರು ಹೆದರಿದ್ದು ಇದಕ್ಕೇ.

ನಮ್ಮ ಸಭೆಗಳನ್ನೆಲ್ಲ ನೋಡಿಕೊಳ್ಳುವ ಕರ್ನಾಟಕ ದಕ್ಷಿಣ ಸಭಾಪ್ರಾಂತದ ಹಿರಿಯರಲ್ಲಿ ನನ್ನ ಬೇಡಿಕೆ: ಐವತ್ತು ವರ್ಷ ದಾಟಿದ ಯಾವ ಚಾಪೆಲ್‌ನ ಮಾಡು, ಗೋಡೆ, ಕಿಟಕಿ ಮುಟ್ಟುವುದಕ್ಕೂ ಮೊದಲು ಹಳೆ ಕಟ್ಟಡದ ಕೆಲಸ ಗೊತ್ತಿರುವ ಒಬ್ಬ ಎಂಜಿನಿಯರ್ ಬಂದು ನೋಡಿ ಬರೆದುಕೊಡಬೇಕು ಅಂತ ಒಂದು ನಿಯಮ ಮಾಡಿ. ಪ್ರತಿ ಸಭೆಯೂ ತನ್ನ ಚಾಪೆಲ್‌ನ ಅಳತೆ, ನಕ್ಷೆ, ಹಳೆ ಫೋಟೋ, ಲೆಕ್ಕದ ಪುಸ್ತಕ ಒಂದು ಕಡೆ ಇಡಬೇಕು. ಈಗ ಅವು ಯಾರದ್ದೋ ಮನೆಯ ಟ್ರಂಕಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ.

ಪುರಾತತ್ವ ಇಲಾಖೆಯವರಲ್ಲೂ ಒಂದು ಮಾತು. 1961ರ ರಾಜ್ಯ ಕಾಯ್ದೆಯಡಿ ರಕ್ಷಿತ ಸ್ಮಾರಕಗಳ ಪಟ್ಟಿ ಇದೆ. ಈ ಪುಟ್ಟ ಚಾಪೆಲ್‌ಗಳನ್ನೆಲ್ಲ ಅದರಲ್ಲಿ ಸೇರಿಸಿ ಅಂತ ನಾನು ಕೇಳುತ್ತಿಲ್ಲ. ಆರಾಧನೆ ನಡೆಯುವ ಜಾಗಕ್ಕೆ ಬೀಗ ಬೀಳಬಾರದು. ಆದರೆ ಕೊಡಗಿನ ಹಳೆ ಗುಡಿ, ಮಸೀದಿ, ಚಾಪೆಲ್, ಐನ್‌ಮನೆ ಎಲ್ಲವನ್ನೂ ಒಮ್ಮೆ ಸುತ್ತಿ ದಾಖಲೆ ಮಾಡಿ. ಮಡಿಕೇರಿಯಲ್ಲಿ ವರ್ಷಕ್ಕೊಮ್ಮೆ ಸುಣ್ಣದ ಗಾರೆ ಕೆಲಸದ ತರಬೇತಿ ಇಡಿ. ಮೇಸ್ತ್ರಿಗಳು ಬರುತ್ತಾರೆ. ನಮ್ಮ ಹುಡುಗರನ್ನು ನಾನೇ ಕಳಿಸುತ್ತೇನೆ.

ಈ ವರ್ಷ ಕೆಲಸ ಶುರುಮಾಡಬೇಕು ಅಂತಿರುವ ಸಮಿತಿಗಳಿಗೆ ಕೊನೆಯದಾಗಿ: ಟೆಂಡರ್ ಕರೆಯುವ ಮೊದಲು ಒಂದಷ್ಟು ಹೆಂಚು ತೆಗೆಸಿ ತೊಲೆಯ ತುದಿಗಳನ್ನು ನೋಡಿ. ಗೋಡೆಯ ಒಂದು ಮೂಲೆಯಲ್ಲಿ ಅಂಗೈ ಅಗಲ ಕೆರೆದು ಒಳಗಿರುವುದು ಸುಣ್ಣವೋ ಸಿಮೆಂಟೋ ಅಂತ ತಿಳಿದುಕೊಳ್ಳಿ. ಆಮೇಲೆ ಎಸ್ಟಿಮೇಟ್ ಬರೆಸಿ. ಏಣಿ ಹಾಕುವ ದಿನ ನನಗೂ ಹೇಳಿ ಕಳಿಸಿ. ಭಾನುವಾರ ಬಿಟ್ಟು ಯಾವ ದಿನವಾದರೂ ಬರುತ್ತೇನೆ, ಕೂಲಿ ಬೇಡ.

ಇಂತಿ ನಿಮ್ಮ ಸಭೆಯವನೇ ಆದ,
ಹಳೆ ಮನೆ ರಿಪೇರಿ ಕೆಲಸದವನು
ಸುಂಟಿಕೊಪ್ಪ, ಕೊಡಗು